ಶಿವಶರಣಪ್ಪನ ತೊಟ್ಟಿಲು ಜೀಪು

ನಮ್ಮ ಮಸ್ಕಿಯಲ್ಲಿ ದೊಡ್ಡ ಮನುಷ್ಯರಿಗೆ ಬರವಿಲ್ಲ. ಅಡತಿ ಅಂಗಡಿಯವರಿದ್ದಾರೆ, ಕಾಲುವೆ ನೀರು ಬಂದ ಮೇಲೆ ಧೋತರಕ್ಕೆ ಇಸ್ತ್ರಿ ಹಾಕಿಸಲು ಕಲಿತವರಿದ್ದಾರೆ, ಯಾವ ಮದುವೆಗೆ ಹೋದರೂ ಮುಂದಿನ ಸಾಲಿನ ಕುರ್ಚಿಯನ್ನೇ ಹುಡುಕುವವರಿದ್ದಾರೆ. ಆದರೆ ಒಂದು ಜೀಪನ್ನು ತೊಟ್ಟಿಲು ಮಾಡಿದವನು ಮಾತ್ರ ಒಬ್ಬನೇ. ಅವನು ನನ್ನ ಖಾನಾವಳಿಯ ಪಕ್ಕದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಶಿವಶರಣಪ್ಪ. ಆ ಮನುಷ್ಯನನ್ನು ನಾನು ಬೈದಷ್ಟು ಯಾರೂ ಬೈದಿಲ್ಲ, ಬೆರಗಾಗಿ ನೋಡಿದಷ್ಟೂ ಯಾರೂ ನೋಡಿಲ್ಲ.

ಎಂಬತ್ತೆಂಟನೆಯ ಇಸವಿಯ ಸುಮಾರಿಗೆ ಅವನು ಹರಾಜಿನಲ್ಲಿ ಒಂದು ಹಳೆಯ ಜೀಪು ಹಿಡಿದ. ಅದರ ಗಾಲಿಗಳ ಮೇಲಿದ್ದ ಕಮಾನು ಪಟ್ಟಿಗಳು ಎಷ್ಟು ಬಿಗಿ ಎಂದರೆ, ರಸ್ತೆಯ ಮೇಲೆ ಒಂದು ಗೋಲಿ ಬಿದ್ದಿದ್ದರೂ ಒಳಗೆ ಕುಳಿತವರಿಗೆ ತಿಳಿಯುತ್ತಿತ್ತು. ಅದರಲ್ಲಿ ಲಿಂಗಸುಗೂರಿಗೆ ಹೋಗಿ ಬಂದವರು ನನ್ನ ಖಾನಾವಳಿಯಲ್ಲಿ ನಿಂತೇ ಊಟ ಮಾಡುತ್ತಿದ್ದರು. ಬೆಂಚಿದೆ, ಕುಂದ್ರಿ ಎಂದರೆ ನನ್ನನ್ನೇ ಸಿಟ್ಟಿನಿಂದ ನೋಡುತ್ತಿದ್ದರು.

ಇಂಥ ಜೀಪಿನ ಬಗ್ಗೆ ಶಿವಶರಣಪ್ಪ ತನ್ನ ಒಬ್ಬಳೇ ಮಗಳು ಅಮರಮ್ಮನ ಮದುವೆಯಲ್ಲಿ, ಬೀಗರ ಎದುರಿಗೆ, ಎಲೆ ಅಡಿಕೆ ಹಾಕಿಕೊಂಡು ಒಂದು ಮಾತು ಆಡಿದ. "ನಮ್ಮ ಜೀಪಿನಾಗ ಕುಂತ್ರ ತೊಟ್ಲಾಗ ಕುಂತಂಗ ನೋಡ್ರಿ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಮಾತು ಅಲ್ಲಿಂದ ಹೋಗಿ ಬೀಗಿತಿ ಗುರುಲಿಂಗಮ್ಮನ ಕಿವಿಯಲ್ಲಿ ಕುಳಿತಿತು. ಆಕೆ ಯಾರ ಮಾತನ್ನೂ ಮರೆಯುವ ಹೆಂಗಸಲ್ಲ.

ಬೀಗರ ಮನೆ ಗುರುಗುಂಟಾದಿಂದ ಎರಡು ಮೈಲಿ ಒಳಗೆ, ಹೊಲದಲ್ಲಿ. ದಾರಿ ಎಂದು ಅವರು ಕರೆಯುವುದು ಕಲ್ಲು, ಕೊರಕಲು, ನಡುವೆ ಒಂದು ಹಳ್ಳ. ಬಸ್ಸು ಹೋಗುವ ಮಾತೇ ಇಲ್ಲ. ಅಮರಮ್ಮ ಬಸಿರಾಗಿ ಏಳು ತಿಂಗಳಾದಾಗ ಸೀಮಂತದ ಕುಬಸ ಮಾಡಲು ನಾವೆಲ್ಲ ಜೀಪಿನಲ್ಲಿ ಹೋದೆವು. ಆರತಿ ಆಯಿತು, ಊಟ ಆಯಿತು. ಶಿವಶರಣಪ್ಪನ ಹೆಂಡತಿ ಜಂಬಮ್ಮ ಸೆರಗು ಸರಿ ಮಾಡಿಕೊಂಡು, "ಅಕ್ಕಾರ, ಚೊಚ್ಚಲ ಬಾಣಂತನ ತೌರಮನ್ಯಾಗ ಆಗಬೇಕಲ್ರಿ. ಮಗಳನ್ನ ಕರಕೊಂಡು ಹೋಗ್ತೀವ್ರಿ" ಎಂದಳು.

ಗುರುಲಿಂಗಮ್ಮ ಎದ್ದು ಅಂಗಳಕ್ಕೆ ಬಂದಳು. ದಪ್ಪ ಹೆಂಗಸು, ನಡೆದರೆ ಅಂಗಳದ ಕೋಳಿಗಳು ದಾರಿ ಬಿಡುತ್ತಿದ್ದವು. ಜೀಪಿನ ಹಿಂದಿನ ಬಂಪರಿನ ಮೇಲೆ ಎರಡೂ ಕೈ ಊರಿ ತನ್ನ ಭಾರವನ್ನೆಲ್ಲ ಹಾಕಿ ಒತ್ತಿದಳು. ಜೀಪು ಒಂದು ಎಳ್ಳಿನಷ್ಟೂ ಕೆಳಗೆ ಇಳಿಯಲಿಲ್ಲ.

"ಬೀಗ್ರ, ಇದು ತೊಟ್ಲಲ್ಲ, ಒಳ್ಳ" ಎಂದಳು. "ಕುಂತವರನ್ನ ಕಾಳು ಕುಟ್ಟಿದಂಗ ಕುಟ್ಟತದ. ನನ್ನ ಹಿರೇಮಗಳನ್ನ ಹಿಂಗ ಇದೇ ದಾರಿ ಹಿಡದು ಬಂಡ್ಯಾಗ ಕರಕೊಂಡು ಬಂದಿದ್ವಿ. ಹಳ್ಳ ದಾಟಾದ್ರಾಗ ಹೊಟ್ಟಿ ಹಿಡಕೊಂಡ್ಳು. ಮನಿಗಿ ಬಂದಾಗ ಕೂಸು ಇರಲಿಲ್ಲ. ನಾನು ಎರಡನೇ ಸಲ ನೋಡಾಕಿ ಅಲ್ಲ."

ಅಮರಮ್ಮ ಕಂಬದ ಹಿಂದೆ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಅವಳಿಗೆ ತೌರುಮನೆ ಬೇಕಿತ್ತು, ಅದು ಅವಳ ಮುಖದಲ್ಲೇ ಇತ್ತು.

ಗುರುಲಿಂಗಮ್ಮನೇ ಮತ್ತೆ ಮಾತು ತೆಗೆದಳು. "ನೀವು ತೊಟ್ಲ ಅಂದಿದ್ರಿ. ತೊಟ್ಲಾನ ತರ್ರಿ. ತಂಬಿಗಿ ತುಂಬ ಹಾಲು ಹಿಡಕೊಂಡು ನಾನು ಇದ್ರಾಗ ಸೊಸಿ ಮಗ್ಗಲಾಗ ಕುಂದ್ರತೀನಿ. ಹಳ್ಳ ದಾಟಿದ ಮ್ಯಾಲೂ ಹಾಲು ತಂಬಿಗ್ಯಾಗ ಇತ್ತಂದ್ರ ನಿಮ್ಮ ಮಗಳನ್ನ ಕಳಸ್ತೀನಿ. ಚೆಲ್ಲಿತಂದ್ರ ಬಾಣಂತನ ಇಲ್ಲೇ."

ಒಂಬತ್ತು ತಿಂಗಳು ತುಂಬುವುದರೊಳಗೆ ಕರೆದು ತರಬೇಕು. ನಮ್ಮ ಕಡೆ ಎಂಟರಲ್ಲಿ ಹೊರಡಿಸುವುದಿಲ್ಲ. ಅಂದರೆ ಒಂಬತ್ತು ಬಿದ್ದ ಮೇಲಿನ ಕೆಲವು ದಿನಗಳೇ ಗಡುವು.

ಬರುವಾಗ ಲಿಂಗಸುಗೂರಿನಲ್ಲಿ ಚಹಾ ಕುಡಿಯಲು ಇಳಿದೆವು. ಅಲ್ಲಿ ಹೋಟೆಲಿನ ಮುಂದೆ ಒಂದು ಪರದೇಶದ ಜೀಪು ನಿಂತಿತ್ತು. ಎಲ್ಲಿಯೋ ಗಾಡಿ ಓಡಿಸುವ ಪಂದ್ಯಕ್ಕೆ ಹೊರಟದ್ದಂತೆ. ನಾವು ಇಳಿಯುವಾಗ ಅದು ರಸ್ತೆಯ ತಗ್ಗು ದಾಟಿ ಬಂದು ನಿಂತದ್ದನ್ನು ಶಿವಶರಣಪ್ಪ ನೋಡಿದ್ದ. ಗಾಲಿ ತಗ್ಗಿಗೆ ಇಳಿಯಿತು, ಎದ್ದಿತು, ಆದರೆ ಮೇಲೆ ಕುಳಿತವನ ಕೈಯಲ್ಲಿದ್ದ ಸಿಗರೇಟಿನ ಬೂದಿ ಕೂಡ ಉದುರಲಿಲ್ಲವೆಂದು ಅವನು ಇವತ್ತಿಗೂ ಆಣೆ ಮಾಡುತ್ತಾನೆ.

ನಾನು ಚಹಾ ಹೇಳಿ ತಿರುಗಿ ನೋಡಿದರೆ ಶಿವಶರಣಪ್ಪ ಇಲ್ಲ. ಪರದೇಶದ ಜೀಪಿನ ಕೆಳಗೆ ಎರಡು ಕಾಲು ಕಾಣುತ್ತಿದ್ದವು, ಅವುಗಳಲ್ಲಿ ನಮ್ಮೂರ ಚಪ್ಪಲಿ ಇದ್ದವು. ಕುಬಸಕ್ಕೆಂದು ಉಟ್ಟ ಹೊಸ ಧೋತರದಲ್ಲಿ ಅವನು ಅಂಗಾತ ಮಲಗಿದ್ದ.

"ಏ ದೊಡ್ಡಬಸಣ್ಣ, ಬಾ ಇಲ್ಲಿ" ಎಂದು ಕೆಳಗಿನಿಂದ ಕರೆದ. ನನ್ನ ದೇಹ ಯಾವ ಗಾಡಿಯ ಕೆಳಗೂ ಹೋಗುವಂಥದ್ದಲ್ಲ. ಬಗ್ಗಿ ನೋಡಿದೆ. ಕಮಾನು ಪಟ್ಟಿಯೇ ಇಲ್ಲ. ಗಾಲಿಗೊಂದರಂತೆ ದಪ್ಪ ಸ್ಪ್ರಿಂಗು, ಅದರ ಹೊಟ್ಟೆಯೊಳಗೆ ಕುಲುಕು ತಡೆಯಲು ಎಣ್ಣೆ ತುಂಬಿದ ಶಾಕಪ್ಪಿನ ಕೊಳವೆ. ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿಗೆ ಇರುತ್ತದಲ್ಲ, ಅದರ ದೊಡ್ಡಪ್ಪನ ಹಾಗೆ. ಶಿವಶರಣಪ್ಪ ಮಲಗಿದಲ್ಲೇ ಎರಡೂ ಕೈ ಜೋಡಿಸಿ ಅದಕ್ಕೆ ನಮಸ್ಕಾರ ಮಾಡಿದ. ಗಾಡಿಯವನು ಹೊರಗೆ ಬಂದವನು ತನ್ನ ಜೀಪಿನ ಕೆಳಗೆ ಒಬ್ಬನು ಕೈ ಮುಗಿದು ಮಲಗಿರುವುದನ್ನು ಕಂಡು, ಹಾಯಿಸಿಯೇ ಬಿಟ್ಟೆನೋ ಏನೋ ಎಂದು ಬೆವತು ಹೋದ. ಅವನಿಗೆ ಒಂದು ಕಪ್ಪು ಚಹಾ ಕುಡಿಸಿ ಸಮಾಧಾನ ಮಾಡಬೇಕಾಯಿತು.

ಮರುದಿನವೇ ನಾವು ಸಿಂಧನೂರಿಗೆ, ಜಂಗ್ಲಿಸಾಬನ ಗ್ಯಾರೇಜಿಗೆ ಹೋದೆವು. ಜಂಗ್ಲಿಸಾಬ್ ದೊಡ್ಡ ಉಸ್ತಾದ. ಅದನ್ನು ಅವನೇ ಹೇಳುತ್ತಿದ್ದ. ಟ್ರ್ಯಾಕ್ಟರು ಕೆಟ್ಟು ಬಂದರೆ ಮೊದಲು ಅದರ ಮಾಲಕನಿಗೆ ಅರ್ಧ ಗಂಟೆ ಉಪದೇಶ, ಆಮೇಲೆ ಟ್ರ್ಯಾಕ್ಟರಿಗೆ ಪಾನಾ. ಶಿವಶರಣಪ್ಪ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದ.

"ಸ್ಪ್ರಿಂಗ್ ಅಂದ್ರ ಸೊಸಿ ಇದ್ದಂಗ, ಶಾಕಪ್ ಅಂದ್ರ ಅತ್ತಿ ಇದ್ದಂಗ" ಎಂದ. "ಸೊಸಿ ಜಿಗೀತಾಳ, ಅತ್ತಿ ತಡೀತಾಳ. ಸೊಸಿ ಒಬ್ಬಾಕಿನ ಇದ್ರ ಮನಿ ಕುಣೀತದ. ಅತ್ತಿ ಒಬ್ಬಾಕಿನ ಇದ್ರ ಮನಿ ಅಳ್ಳಾಡಾದೇ ಇಲ್ಲ. ಇಬ್ಬರೂ ಒಂದ ಜಾಗಾದಾಗ ಕುಂದ್ರಬೇಕು, ಒಬ್ಬರ ಹೊಟ್ಟ್ಯಾಗ ಒಬ್ಬರು. ಆವಾಗ ಸಂಸಾರ ನಡೀತದ."

"ಅದು ಸರಿ ಉಸ್ತಾದ. ಎಂಥಾ ಸ್ಪ್ರಿಂಗ್ ಹಾಕಬೇಕು?"

"ಮೆತ್ತನ್ನದು. ಬಸರಿ ಹೆಣ್ಮಗಳು ಕುಂದ್ರಾಕಿ ಅಂತೀರಿ, ಮತ್ತ ಮೆತ್ತನ್ನದ ಬೇಕಲ್ಲ. ಹಾಸಿಗಿ ಗಟ್ಟಿ ಹಾಸ್ತಾರೇನು?"

ಈ ಮಾತು ನಮಗೂ ಖರೆ ಎನಿಸಿತು. ಗುಜರಿಯಿಂದ ಹಳೆಯ ಕಾರಿನ ಸ್ಪ್ರಿಂಗುಗಳು ಬಂದವು. ಎಷ್ಟು ಮೆತ್ತಗೆ ಎಂದು ನೋಡಲು ಜಂಗ್ಲಿಸಾಬನದೇ ಒಂದು ಅಳತೆ ಇತ್ತು. ಸ್ಪ್ರಿಂಗನ್ನು ನೆಲದ ಮೇಲೆ ನಿಲ್ಲಿಸಿ, ಮೇಲೆ ಹಲಗೆ ಇಟ್ಟು, ಭತ್ತದ ಚೀಲ ಹೇರುವುದು. ನಾಲ್ಕು ಬೆರಳು ಕುಸಿಯಲು ಎಷ್ಟು ಚೀಲ ಬೇಕೋ ಅದು ಅಷ್ಟು ಚೀಲದ ಸ್ಪ್ರಿಂಗು. ಇದು ಒಂದು ಚೀಲಕ್ಕೇ ನಾಲ್ಕು ಬೆರಳು ಕುಸಿಯಿತು. ಬೆಣ್ಣಿ ಐತಿ ಎಂದು ಉಸ್ತಾದ ಮೀಸೆ ತಿರುವಿದ. ಗಾಲಿ ದಾರಿ ತಪ್ಪಬಾರದೆಂದು ಹಳೆಯ ಪಟ್ಟಿಗಳಲ್ಲಿ ಉದ್ದನೆಯದೊಂದನ್ನು ಮಾತ್ರ ಉಳಿಸಿ, ಉಳಿದವನ್ನು ಕಿತ್ತು, ಸ್ಪ್ರಿಂಗು ಶಾಕಪ್ಪು ಕೂಡಿಸಿ ಕೂರಿಸಿದ.

ಮಸ್ಕಿಯಲ್ಲಿ ಓಣಿಯವರೆಲ್ಲ ಸೇರಿದರು. ಜಂಬಮ್ಮ ತಂಬಿಗೆ ಹಾಲು ತುಂಬಿಕೊಂಡು ಬಂದಳು. ಬಳೆ ಮಾರುವ ಮೈಮುನಾಬಿ, "ನಮ್ಮ ಅಮರಿ ಬರೋ ಗಾಡಿ, ನಾನೂ ನೋಡ್ತೀನಿ" ಎಂದು ಹತ್ತಿದಳು. ಆಕೆಯೂ ನನ್ನ ಹಾಗೆ ಉಂಡುಟ್ಟ ದೇಹದವಳು. ಕೊನೆಗೆ ನಾನು ಹತ್ತಿದೆ. ನಾನು ಕುಳಿತ ಕಡೆಗೆ ಜೀಪು ಎಮ್ಮೆ ಕೆಸರಿನಲ್ಲಿ ಮಗ್ಗುಲಾದ ಹಾಗೆ ವಾಲಿತು. ಮಡ್‌ಗಾರ್ಡು ಟೈರಿಗೆ ಕೂತು ಸುಟ್ಟ ರಬ್ಬರಿನ ವಾಸನೆ ಬಂತು. ಹತ್ತು ಮಾರು ಹೋಗುವುದರೊಳಗೆ ಹಾಲೆಲ್ಲ ಜಂಬಮ್ಮನ ಮಡಿಲಲ್ಲಿತ್ತು, ಮೈಮುನಾಬಿಗೆ ಓಕರಿಕೆ ಬಂದಿತ್ತು.

"ಇದು ಜೀಪಲ್ಲ, ಹರಗೋಲು" ಎಂದಳು ಮೈಮುನಾಬಿ, ಇಳಿದು ಕಟ್ಟೆಯ ಮೇಲೆ ಕುಳಿತು. "ಬಸರಿ ಅಲ್ಲದ ನನಗ ಬಸರಿ ವಾಂತಿ ಬಂತಲ್ಲೋ ಶಿವಶರಣಣ್ಣ."

ನಾನು ಬಾಯಿಗೆ ಬಂದಂತೆ ಬೈದೆ. ನಿಂಗ್ಯಾಕ ಬೇಕಿತ್ತಲೇ ಇದು, ಹೆರಿಗಿ ಅಲ್ಲೇ ಆಗ್ಲಿ ಬಿಡು, ಬೀಗರೇನು ಪರದೇಶದಾಗ ಅದಾರ ಎಂದೆ. ಅವನು ಜೀಪಿನ ಗಾಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಸ್ಪ್ರಿಂಗಿನ ಮೇಲೆ ಕೈಯಾಡಿಸುತ್ತ, "ಅಮರಿ ಕಂಬದ ಹಿಂದ ನಿಂತಿದ್ದು ನೀ ನೋಡಲಿಲ್ಲೇನು" ಎಂದ.

ಮತ್ತೆ ಸಿಂಧನೂರು. ಮೆತ್ತಗಿನದು ಹಾಕು ಎಂದು ತಾನೇ ಹೇಳಿದ್ದನ್ನು ಉಸ್ತಾದ ಸುತರಾಂ ಒಪ್ಪಲಿಲ್ಲ. "ಎಷ್ಟು ಮಂದಿ ಕುಂದ್ರತೀರಿ ಅಂತ ನೀವು ಹೇಳಬೇಕಿತ್ತು. ಈಗ ಲೆಕ್ಕಾ ಹೇಳ್ರಿ. ಹೆಣ್ಮಗಳನ್ನ ತರಾಕ ಎಷ್ಟು ಮಂದಿ ಹೋಗವರು?"

ಇಲ್ಲಿ ಶಿವಶರಣಪ್ಪ ತಪ್ಪಿದ. ಗುರುಲಿಂಗಮ್ಮ ಹೇಳಿದ್ದು ಆಕೆ, ಆಕೆಯ ಸೊಸೆ, ಒಂದು ತಂಬಿಗೆ. ಆದರೆ ನಮ್ಮ ಕಡೆ ಮಗಳನ್ನು ಕರೆತರಲು ಒಬ್ಬಿಬ್ಬರು ಹೋದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಅವನು ಬೆರಳು ಮಡಚುತ್ತ ಹೋದ. ಹೆಂಡತಿ, ಅತ್ತಿಗೆ, ನಾನು, ಮೈಮುನಾಬಿ, ಓಣಿಯ ಹಿರಿಯರು, ಕಟ್ಟಿಕೊಡುವ ಬುತ್ತಿಯ ಬುಟ್ಟಿ. ಎರಡೂ ಕೈಯ ಬೆರಳು ಮುಗಿದು ನನ್ನ ಕೈ ಕೇಳಿದ.

"ಹಂಗಾದ್ರ ಕಾರಿನ ಸ್ಪ್ರಿಂಗ್ ಸಾಲಂಗಿಲ್ಲ" ಎಂದ ಜಂಗ್ಲಿಸಾಬ್. ಮುಚ್ಚಿದ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಜಾಲಾಡುವ ದೊಡ್ಡ ಜರಡಿ ಇತ್ತು. ಅದನ್ನು ಹೊತ್ತಿದ್ದ ಸ್ಪ್ರಿಂಗುಗಳನ್ನು ತಂದ. ಹಲಗೆ ಇಟ್ಟು ಚೀಲ ಹೇರಿದೆವು. ಒಂದು ಚೀಲಕ್ಕೆ ಅದು ನಮ್ಮನ್ನು ನೋಡಿ ನಕ್ಕಿತು. ಎರಡಕ್ಕೆ ಒಂದು ಬೆರಳು. ಚೀಲ ಸಾಲದೆ ನನ್ನನ್ನೂ ಮೇಲೆ ಕೂರಿಸಿದ ಮೇಲೆ ನಾಲ್ಕು ಬೆರಳು ಕುಸಿಯಿತು. ಗ್ಯಾರೇಜಿನ ಮುಂದೆ ಹೋಗುವ ಬರುವವರೆಲ್ಲ ನಿಂತು, ಭತ್ತದ ಚೀಲಗಳ ಮೇಲೆ ಕುಳಿತ ನನ್ನನ್ನು ನೋಡಿ, ಯಾವುದೋ ಹರಕೆಯ ತುಲಾಭಾರವಿರಬೇಕೆಂದು ಕೈ ಮುಗಿದು ಹೋದರು.

ಹೊಸ ಸ್ಪ್ರಿಂಗು ಕೂರಿಸಿ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಕಡೆ, ಕಾಲುವೆ ದಂಡೆಯ ದಾರಿ ಹಿಡಿದೆವು. ಉಸ್ತಾದ ಓಡಿಸುತ್ತಿದ್ದ, ನಾವಿಬ್ಬರು ಹಿಂದೆ. ಮೊದಲ ತಗ್ಗಿಗೇ ನನ್ನ ತಲೆ ಮೇಲಿನ ಕಬ್ಬಿಣದ ಸಲಾಕೆಗೆ ಬಡಿಯಿತು. ಎರಡನೆಯದಕ್ಕೆ ಶಿವಶರಣಪ್ಪ ನನ್ನ ತೊಡೆಯ ಮೇಲೆ ಬಂದು ಕುಳಿತ. ಜೀಪು ಮೇಕೆಮರಿ ಆಡುವಂತೆ ಜಿಗಿಯುತ್ತಿತ್ತು. ಕಮಾನು ಪಟ್ಟಿಯೇ ದೇವರಂಥದ್ದು ಎನಿಸಿತು. ಶಿವಶರಣಪ್ಪ ಮುಖ ಒರೆಸಿಕೊಂಡ. ಒಂಬತ್ತು ಬೀಳಲು ಹೆಚ್ಚು ದಿನ ಉಳಿದಿರಲಿಲ್ಲ.

ಕ್ಯಾಂಪಿನ ತಿರುವಿನಲ್ಲಿ ಭತ್ತದ ನಾಟಿ ಮುಗಿಸಿದ ಹೆಂಗಸರು ನಿಂತಿದ್ದರು. ಕ್ಯಾಂಪಿನ ಬಂಗಾಲಿ ಹೆಂಗಸರು, ನಮ್ಮೂರ ಕಡೆಯ ಕೂಲಿಯವರು, ಎಲ್ಲರ ಕಾಲೂ ಮೊಣಕಾಲಿನವರೆಗೆ ಕೆಸರು. ಬಸ್ಸು ಬಂದಿರಲಿಲ್ಲ. ಜೀಪು ನಿಂತದ್ದೇ ತಡ, ಯಾರನ್ನೂ ಕೇಳದೆ ಹತ್ತಿದರು. ನಮ್ಮ ಸೀಮೆಯಲ್ಲಿ ಜೀಪು ನಿಲ್ಲುವುದೇ ಹತ್ತಲಿಕ್ಕೆ. ಒಳಗೆ ತುಂಬಿ, ಹಿಂದೆ ಜೋತುಬಿದ್ದು, ಇನ್ನು ಹಿಡಿಸದು ಎಂದ ಮೇಲೆ ಉಸ್ತಾದ ಗೇರು ಹಾಕಿದ.

ಜೀಪು ಸುಮ್ಮನಾಯಿತು.

ಇದನ್ನು ಹೇಗೆ ಹೇಳಲಿ? ತಗ್ಗು ಬಂತು, ಹೋಯಿತು. ಗಾಲಿ ಕೆಳಗಿಳಿದು ಮೇಲೆದ್ದದ್ದು ಹೊರಗೆ ನೋಡಿದರೆ ಕಾಣುತ್ತಿತ್ತು. ಒಳಗೆ ಬರಿಯ ಒಂದು ತೂಗು, ಮೆಲ್ಲಗೆ, ಅಜ್ಜಿ ಕಾಲಿನಿಂದ ತೊಟ್ಟಿಲಿನ ಹಗ್ಗ ಎಳೆದಂತೆ. ಮಾತಾಡುತ್ತಿದ್ದ ಹೆಂಗಸರು ಕೂಡ ಮಾತು ನಿಲ್ಲಿಸಿದರು. ಒಂದು ಕಡೆ ಕಾಲುವೆಯ ನೀರು, ಇನ್ನೊಂದು ಕಡೆ ಹಸಿರು ಗದ್ದೆ. ನಡುವೆ ಇಷ್ಟೊಂದು ಮಂದಿಯನ್ನು ಹೊತ್ತ ಒಂದು ಹರಾಜಿನ ಜೀಪು ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ನನಗೆ ಮೈ ಜುಮ್ಮೆಂದಿತು. ಗುಡಿಯಲ್ಲಿ ಮಂಗಳಾರತಿ ಆಗುವಾಗ ಆಗುತ್ತದಲ್ಲ, ಹಾಗೆ.

"ನಿಂದರಸು, ನಿಂದರಸು" ಎಂದ ಶಿವಶರಣಪ್ಪ. ಹೆಂಗಸರನ್ನೆಲ್ಲ ಇಳಿಸಿದ. ಖಾಲಿ ಜೀಪು ಓಡಿಸಿ ನೋಡಿದ, ಜಿಗಿಯಿತು. ಮತ್ತೆ ಹತ್ತಿಸಿದ, ತೂಗಿತು. ಮತ್ತೆ ಇಳಿಯಿರಿ ಎಂದಾಗ ಒಬ್ಬ ಬಂಗಾಲಿ ಮುದುಕಿ ಪಕ್ಕದವಳಿಗೆ, ಇವನು ಪಾಗಲ್ ಇರಬೇಕು, ಮನೆ ಮುಟ್ಟಿಸುವವರೆಗೆ ಸುಮ್ಮನೆ ಹೇಳಿದಂತೆ ಕೇಳೋಣ ಎಂಬಂತೆ ಕೈ ಮಾಡಿದಳು.

ಗುಟ್ಟು ಗೊತ್ತಾಯಿತು. ಗಟ್ಟಿ ಸ್ಪ್ರಿಂಗು ಮೆತ್ತಗಾಗಲು ಭಾರ ಬೇಕು. "ಅದಕ್ಕೇನು, ನಿಮ್ಮದು ಗೊಬ್ಬರದ ಅಂಗಡಿ. ಚೀಲ ಹೇರಿಕೊಂಡು ಹೋಗ್ರಿ" ಎಂದ ಜಂಗ್ಲಿಸಾಬ್.

ಶಿವಶರಣಪ್ಪನಿಗೆ ಸಿಟ್ಟು ಬಂತು. "ಹೊಟ್ಟಿಲೆ ಇದ್ದ ಮಗಳನ್ನ ಕರಿಯಾಕ ಗೊಬ್ಬರದ ಚೀಲ ತಗೊಂಡು ಹೋಗ್ಲೇನು? ನಾಳೆ ಬೀಗರು ಏನಂದಾರು? ಮಗಳನ್ನ ಕರಿಯಾಕ ಮಂದಿ ಹೋಗಬೇಕು ಉಸ್ತಾದ, ಚೀಲ ಹೋಗಬಾರದು."

ಅಲ್ಲಿಂದ ನಮ್ಮ ಓಣಿಯ ಹಣೆಬರಹ ಬದಲಾಯಿತು. ಶಿವಶರಣಪ್ಪನ ಅಂಗಡಿಯ ಮುಂದಿನ ತಕ್ಕಡಿಯಲ್ಲಿ ಬೀಜ ತೂಗುವುದು ನಿಂತು ಮನುಷ್ಯರನ್ನು ತೂಗುವುದು ಶುರುವಾಯಿತು. ಗೊಬ್ಬರ ಕೇಳಲು ಬಂದವನಿಗೆ, "ಜರಾ ಇದ್ರಾಗ ಕುಂದ್ರು" ಎನ್ನುತ್ತಿದ್ದ. ಭಾರ ಇದ್ದವನಿಗೆ ಚಹಾ, ಹಗುರ ಇದ್ದವನಿಗೆ ಬರಿಯ ನಮಸ್ಕಾರ. ಊರೊಳಗೆ ಸುದ್ದಿ ಹುಟ್ಟಿತು. ಶಿವಶರಣಪ್ಪ ಚುನಾವಣೆಗೆ ನಿಲ್ಲುತ್ತಾನೆ, ತೂಕದ ಮಂದಿಯನ್ನು ಕಟ್ಟುತ್ತಿದ್ದಾನೆ ಎಂದರು ಕೆಲವರು. ಅದನ್ನು ನಂಬಿ ಒಂದಿಬ್ಬರು ಕರೆಯದಿದ್ದರೂ ಬಂದು ತಕ್ಕಡಿಯಲ್ಲಿ ಕುಳಿತರು. ಜಂಬಮ್ಮನಿಗೆ ನಾಚಿಕೆಯಾಗಿ, "ಊರ ಮಂದಿನೆಲ್ಲ ತೂಗಿದ್ರಿ, ನನ್ನೊಬ್ಬಾಕಿನ್ನ ಬಿಟ್ಟೀರಿ" ಎಂದಳು. "ನಿನ್ನ ತೂಕ ನನಗ ಗೊತ್ತದ" ಎಂದ ಅವನು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಆಡಿದ ಒಳ್ಳೆಯ ಮಾತು ಅದೊಂದೇ ಎಂದು ಆಕೆ ಮೈಮುನಾಬಿಯ ಹತ್ತಿರ ಹೇಳಿಕೊಂಡಳಂತೆ.

ಒಂಬತ್ತು ಬಿತ್ತು. ಒಂದು ಸೋಮವಾರ ಮುಂಜಾನೆ, ಆರಿಸಿದ ಮಂದಿ ಹೊಸ ಬಟ್ಟೆ ಉಟ್ಟು ಜೀಪು ಹತ್ತಿದೆವು. ಯಾರು ಎಲ್ಲಿ ಕುಳಿತುಕೊಳ್ಳಬೇಕೆಂದು ಜಂಗ್ಲಿಸಾಬ್ ಬಂದು ಹೇಳಿದ. ನನಗೂ ಮೈಮುನಾಬಿಗೂ ಹಿಂದಿನ ಎರಡು ಗಾಲಿಗಳ ಮೇಲೆ ಎದುರು ಬದುರು ಜಾಗ. "ನಡುವ ಏಳಂಗಿಲ್ಲ, ಒಂದ ಮಗ್ಗಲಾಗಂಗಿಲ್ಲ. ನಗಾಡಬ್ಯಾಡ್ರಿ, ನಕ್ರ ಸ್ಪ್ರಿಂಗ್ ಅಳ್ಳಾಡ್ತದ" ಎಂದು ತಾಕೀತು ಮಾಡಿ ತಾನೇ ಓಡಿಸಲು ಕುಳಿತ.

ಲಿಂಗಸುಗೂರು ಇನ್ನೂ ಮುಂದಿದೆ ಎನ್ನುವಾಗ ಒಬ್ಬ ಹವಾಲ್ದಾರರು ಕೈ ಅಡ್ಡ ಹಿಡಿದರು.

"ಎಲ್ಲಿಗಿ ಹೊಂಟದ ಈ ದಂಡು?"

ಮಗಳನ್ನು ಕರೆಯಲು ಎಂದಿದ್ದರೆ ಬಿಟ್ಟು ಬಿಡುತ್ತಿದ್ದರು. ಆದರೆ ಶಿವಶರಣಪ್ಪನ ತಲೆಯಲ್ಲಿ ಇದ್ದದ್ದೇ ಬಾಯಿಗೆ ಬಂತು. "ಇವರು ಎಲ್ಲಿಗೂ ಇಲ್ರಿ ಸಾಹೇಬ್ರ. ತೂಕಕ್ಕ ಕುಂತಾರ."

"ಯಾರ ತೂಕಕ್ಕ?"

"ಸ್ಪ್ರಿಂಗಿನ ತೂಕಕ್ರಿ. ಇವರು ಇಳದ್ರ ಗಾಡಿ ಜಿಗೀತದ."

ಹವಾಲ್ದಾರರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ನಾನು ಬಾಳ ಮಂದಿ ನೋಡೀನಿ. ಮದಿವಿಗಿ ಅಂತಾರ, ದವಾಖಾನಿಗಿ ಅಂತಾರ. ಇಂಥಾ ಸುಳ್ಳು ಇದಾ ಮೊದಲು. ಎಲ್ಲಾರೂ ಇಳೀರಿ."

ಇಳಿದೆವು. ಖಾಲಿ ಜೀಪಿನಲ್ಲಿ ಹವಾಲ್ದಾರರು ತಾವೇ ಕುಳಿತು, ನಡಿ ಎಂದರು. ಜಂಗ್ಲಿಸಾಬ್ ಬೇಕೆಂದೇ ರಸ್ತೆ ಬಿಟ್ಟು ಕಲ್ಲಿನ ಮೇಲೆ ಹಾಯಿಸಿದ. ಎರಡು ಸಲ ಟೋಪಿ ಮಾತ್ರ ಕಂಡಿತು, ಒಂದು ಸಲ ಬೂಟು ಮಾತ್ರ ಕಂಡಿತು. ತಿರುಗಿ ಬಂದಾಗ ಹವಾಲ್ದಾರರು ಸೊಂಟ ಹಿಡಿದುಕೊಂಡು, "ಹತ್ರಿ, ಎಲ್ಲಾರೂ ಹತ್ರಿ" ಎಂದರು. ನಮ್ಮ ನಡುವೆ ಕುಳಿತು ಮತ್ತೊಂದು ಸುತ್ತು ಅದೇ ಕಲ್ಲಿನ ಮೇಲೆ ಹೋಗಿ ಬಂದರು. ಆ ಮುಖವನ್ನು ನೀವು ನೋಡಬೇಕಿತ್ತು. ಇಳಿಯಲು ಅವರಿಗೆ ಮನಸ್ಸೇ ಇರಲಿಲ್ಲ. ಕೊನೆಗೆ ಶಿವಶರಣಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ನಮ್ಮ ಸಾಹೇಬ್ರ ಜೀಪೂ ಹಿಂಗ ಜಿಗೀತದ. ನಾವು ಎಷ್ಟು ಮಂದಿ ಕುಂದ್ರಬೇಕಾಗ್ತದ?" ಎಂದು ಕೇಳಿದರು.

ಬೀಗರ ಅಂಗಳಕ್ಕೆ ಜೀಪು ಬಂದು ನಿಂತಿತು. ನಾವು ಒಬ್ಬೊಬ್ಬರಾಗಿ ಇಳಿದೆವು, ಇಳಿಯುತ್ತಲೇ ಇದ್ದೆವು. ಗುರುಲಿಂಗಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. ಇಷ್ಟು ಮಂದಿ, ಅದರಲ್ಲೂ ಇಷ್ಟು ಗಟ್ಟಿಮುಟ್ಟಾದ ಹಿರಿಯರು, ತನ್ನ ಸೊಸೆಯನ್ನು ಕರೆಯಲು ಬಂದಿದ್ದಾರೆಂದು ಆಕೆಗೆ ಹೆಮ್ಮೆಯಾಯಿತು. ಎಲ್ಲರ ಕಾಲಿಗೂ ನೀರು ಬಂತು. ಸಜ್ಜಕದ ಹೋಳಿಗೆ, ತುಪ್ಪ, ಜೋಳದ ರೊಟ್ಟಿ, ಎಣ್ಣೆಗಾಯಿ. ಜಂಗ್ಲಿಸಾಬ್ ಪ್ರತಿಯೊಬ್ಬರ ಎಲೆಯ ಹತ್ತಿರ ಬಂದು, "ಬರೋಬ್ಬರಿ ಉಣ್ರಿ, ಹೆಚ್ಚಿಗಿ ಬ್ಯಾಡ. ನಾನು ಉಪಾಸ ಹೊಟ್ಟಿ ಲೆಕ್ಕ ಹಿಡದೀನಿ" ಎಂದು ಕಿವಿಯಲ್ಲಿ ಹೇಳಿ ಹೋಗುತ್ತಿದ್ದ. ಹೋಳಿಗೆಯ ಮುಂದೆ ಅವನ ಮಾತು ಯಾರು ಕೇಳುತ್ತಾರೆ? ನಾನಂತೂ ಕೇಳಲಿಲ್ಲ.

ಉಡಿ ತುಂಬುವುದು ಮುಗಿದು ಅಮರಮ್ಮ ಅಂಗಳಕ್ಕೆ ಬಂದಾಗಲೇ ನಮಗೆ ಹೊಳೆದದ್ದು. ಜೀಪಿನಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಕರೆಯಲು ಬಂದವರೇ ತುಂಬಿಕೊಂಡಿದ್ದೆವು.

ಇಬ್ಬರು ಹಿರಿಯರು ಇಳಿದು, ಗುರುಗುಂಟಾದವರೆಗೆ ನಡೆದು ಬಸ್ಸು ಹಿಡಿಯುತ್ತೇವೆಂದು ಹೊರಟರು. ಅಮರಮ್ಮ ಹತ್ತಿದಳು. ಅವಳ ಪಕ್ಕದಲ್ಲಿ ಹಿತ್ತಾಳೆ ತಂಬಿಗೆಯಲ್ಲಿ ಅಂಚಿನವರೆಗೆ ಹಾಲು ತುಂಬಿಕೊಂಡು ಗುರುಲಿಂಗಮ್ಮ ಹತ್ತಿದಳು. ಬುತ್ತಿಯ ಬುಟ್ಟಿಗಳು ಹತ್ತಿದವು. ಜಂಗ್ಲಿಸಾಬ್ ಕೆಳಗೆ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ. "ಸ್ಪ್ರಿಂಗಿನ ಸುತ್ತಿಗಿ ಸುತ್ತು ಹತ್ತಾಕತ್ತ್ಯಾವು. ಹಿಂಗ ಹೋದ್ರ ಹಳ್ಳದಾಗ ಬಡೀತದ. ಇನ್ನೊಬ್ಬರು ಇಳೀಬೇಕು."

ಎಲ್ಲರೂ ನನ್ನನ್ನೇ ನೋಡಿದರು. ನಾನು ಏಳಲು ಹೋದೆ.

"ನೀ ಇಳದ್ರ ಬಾಳ ಹಗುರ ಆಗ್ತದ. ಜಿಗೀತದ. ನೀ ಕುಂದ್ರು" ಎಂದ ಶಿವಶರಣಪ್ಪ. ಒಬ್ಬೊಬ್ಬರನ್ನೇ ಕಣ್ಣಿನಲ್ಲೇ ತೂಗಿ ನೋಡಿದ. ಕೊನೆಗೆ ತಾನೇ ಇಳಿದ. ಅವನು ಕಡ್ಡಿಯಂಥ ಮನುಷ್ಯ. ಜಂಗ್ಲಿಸಾಬ್ ಮತ್ತೆ ಬಗ್ಗಿ ನೋಡಿ, "ಈಗ ಬರೋಬ್ಬರಿ ಆತು" ಎಂದ.

"ಅಪ್ಪಾ, ನೀ?" ಎಂದಳು ಅಮರಮ್ಮ.

"ನಾನು ಹಿಂದ ಬರ್ತೀನವ್ವ. ನಡೀರಿ."

ಜೀಪು ಹೊರಟಿತು. ಎಲ್ಲರ ಕಣ್ಣೂ ತಂಬಿಗೆಯ ಮೇಲೆ. ಕಲ್ಲು ಬಂತು, ಗಾಲಿ ಹತ್ತಿತು, ಇಳಿಯಿತು. ಹಾಲು ಒಂದು ಅಂಚಿಗೆ ಹೋಯಿತು, ತಿರುಗಿ ಬಂತು. ಕೊರಕಲು ಬಂತು. ಹಾಲು ಈ ಕಡೆ ಏರಿತು, ಇಳಿಯಿತು. ತಿಂದ ಹೋಳಿಗೆಗಳಿಗಾಗಿ ಆಗ ಎಷ್ಟು ಪಶ್ಚಾತ್ತಾಪಪಟ್ಟೆನೆಂದು ನನಗೇ ಗೊತ್ತು.

ಹಳ್ಳ ಬಂತು. ಜಂಗ್ಲಿಸಾಬ್ ಬಿಸ್ಮಿಲ್ಲಾ ಎಂದು ಇಳಿಸಿದ. ಮುಂದಿನ ಗಾಲಿ ಒಂದು ದೊಡ್ಡ ಗುಂಡುಕಲ್ಲಿನ ಮೇಲೆ ಹತ್ತಿ ನಿಂತಿತು, ಹಿಂದಿನದು ತಗ್ಗಿನಲ್ಲಿ. ಹಾಲು ಅಂಚಿಗೆ ಬಂದು, ಅಂಚಿನ ಮೇಲೆ ಉಬ್ಬಿ, ಒಂದು ಹನಿ ಹೊರಗೆ ಹೋಗಲೋ ಒಳಗೆ ಬರಲೋ ಎಂದು ಅಲ್ಲೇ ನಡುಗಿತು. ಗುರುಲಿಂಗಮ್ಮನ ಕೈ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆಕೆ ನೋಡುತ್ತಿದ್ದದ್ದು ಹಾಲನ್ನಲ್ಲ, ಸೊಸೆಯ ಹೊಟ್ಟೆಯನ್ನು. ಗಾಲಿ ಗುಂಡಿನಿಂದ ಮೆಲ್ಲಗೆ ಇಳಿಯಿತು. ಹನಿ ಒಳಗೆ ಬಂತು. ಜೀಪು ದಂಡೆ ಏರಿತು.

ಅಮರಮ್ಮ ಅತ್ತೆಯ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ಯಾವಾಗ ನಿದ್ದೆ ಹತ್ತಿತೋ ಯಾರೂ ನೋಡಿರಲಿಲ್ಲ. ಹಳ್ಳ ದಾಟಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಗಾಡಿ ನಿಂದರಸ್ರಿ" ಎಂದಳು ಗುರುಲಿಂಗಮ್ಮ.

ಆಕೆ ಹಿಂದೆ ತಿರುಗಿ ನೋಡುತ್ತಿದ್ದಳು. ಹಳ್ಳದ ಕಲ್ಲುಗಳ ಮೇಲೆ ಧೋತರ ಎತ್ತಿ ಕಟ್ಟಿ ಶಿವಶರಣಪ್ಪ ಬರುತ್ತಿದ್ದ. ನಡೆದು ಅಲ್ಲ, ಬಗ್ಗಿಕೊಂಡು. ದಾರಿಯುದ್ದಕ್ಕೂ ಬಗ್ಗಿಕೊಂಡೇ ಸ್ಪ್ರಿಂಗು ಕುಸಿದು ಏಳುವುದನ್ನು ನೋಡುತ್ತ ಹಿಂದೆ ಬಂದಿದ್ದ. ಜೀಪು ನಿಂತದ್ದನ್ನು ಕಂಡು ಓಡಿ ಬಂದ.

"ಚೆಲ್ಲಿತೇನ್ರಿ ಅಕ್ಕಾರ?"

"ಅವತ್ತು ಈ ಗಾಡಿ ಇದ್ದಿದ್ರ ಬೀಗ್ರ" ಎಂದು ಗುರುಲಿಂಗಮ್ಮ ಅಷ್ಟಕ್ಕೇ ನಿಲ್ಲಿಸಿದಳು. ಆಮೇಲೆ, ಹೆಗಲ ಮೇಲಿನ ತಲೆ ಅಲುಗದ ಹಾಗೆ, ತಂಬಿಗೆಯನ್ನು ಮೆಲ್ಲಗೆ ಅವನ ಕಡೆ ಚಾಚಿದಳು. "ಕುಡೀರಿ. ಬಿಸಲಾಗ ನಡಕೋತ ಬಂದೀರಿ."

ಶಿವಶರಣಪ್ಪ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಮಲಗಿದ್ದ ಮಗಳನ್ನು ನೋಡಿದ. ಗಟಗಟ ಕುಡಿದ, ಒಂದು ಹನಿಯೂ ಉಳಿಸದೆ. ಮೀಸೆಗೆ ಹತ್ತಿದ್ದನ್ನು ಒರೆಸಿಕೊಂಡು ಬರಿಯ ತಂಬಿಗೆಯನ್ನು ಆಕೆಯ ಕೈಗೆ ಕೊಟ್ಟ. ಆಮೇಲೆ ಏನೋ ನೆನಪಾದವನಂತೆ ಹಳ್ಳದ ದಂಡೆಯಲ್ಲಿ ಹುಡುಕಿ, ಒಂದು ಕಲ್ಲನ್ನು ಆಯ್ದು, ಅಂಗೈಯಲ್ಲಿ ತೂಗಿ ನೋಡಿ ಬಿಸಾಕಿದ. ಇನ್ನೊಂದನ್ನು ಆಯ್ದ. ಅದನ್ನು ತಂದು ಗುರುಲಿಂಗಮ್ಮನ ಕಾಲ ಬಳಿ ಮೆಲ್ಲಗೆ ಇಟ್ಟ.

"ಹಾಲಿನ ತೂಕ ಕಮ್ಮಿ ಆತಲ್ರಿ" ಎಂದು, ಧೋತರ ಮತ್ತೆ ಎತ್ತಿ ಕಟ್ಟಿ, ಜೀಪಿನ ಹಿಂದೆ ಹೋಗಿ ನಿಂತ.